ಸಿದ್ದಲಿಂಗಮ್ಮನ ಮುನಿಗೆ ಒಂದು ಡ್ರಾಪ್

ನಮ್ಮ ದೊಡ್ಡಮ್ಮ ಸಿದ್ದಲಿಂಗಮ್ಮ ಸಣ್ಣಪುಟ್ಟ ಸುಳ್ಳು ಹೇಳುವವಳಲ್ಲ. ಸಂತೆಯಲ್ಲಿ ಹುಣಸೆಹಣ್ಣು ಮಾರುವಾಗ ಬೀಜ ಉಳಿದಿದ್ದರೆ ಉಳಿದಿದೆ ಎನ್ನುತ್ತಾಳೆ, ಹೋದ ವರ್ಷದ ಹಣ್ಣಾದರೆ ಹೋದ ವರ್ಷದ್ದೇ ಎನ್ನುತ್ತಾಳೆ. ಬದುಕಿನಲ್ಲಿ ಅವಳು ಹೇಳಿದ್ದು ಒಂದೇ ಸುಳ್ಳು. ಆದರೆ ಅದಕ್ಕೆ ಮೀಸೆ, ಬೀಡಿ, ಇರಲಿಕ್ಕೊಂದು ಮರ, ಎಲ್ಲ ಕೊಟ್ಟು ಎಷ್ಟು ಚೆನ್ನಾಗಿ ಸಾಕಿದಳೆಂದರೆ, ಕೊನೆಗೆ ಅದನ್ನು ಬೈಕಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ನಾನು ನರಸೀಪುರದವರೆಗೆ ಹೋಗಬೇಕಾಯಿತು.

ನನ್ನ ವಿಷಯ ಮೊದಲೇ ಹೇಳಿ ಮುಗಿಸುತ್ತೇನೆ, ಹೇಳುವಂಥದ್ದು ಹೆಚ್ಚಿಲ್ಲ. ಹೆಸರು ಮದನ್. ಬಿ.ಎಸ್ಸಿ. ಓದಿ, ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಬಾಟಲಿಗಳ ಮುಚ್ಚಳ ಬಿಗಿಯಾಗಿದೆಯೇ ಎಂದು ತಿರುಗಿಸಿ ನೋಡುವ ಕೆಲಸ ಮಾಡುತ್ತೇನೆ. ಹುದ್ದೆಯ ಹೆಸರು ದೊಡ್ಡದಿದೆ. ಮದುವೆ ಬ್ರೋಕರ್ ಆ ಹೆಸರನ್ನಷ್ಟೇ ಹೇಳುತ್ತಾನೆ, ಮುಚ್ಚಳದ ಸಂಗತಿ ಎತ್ತುವುದಿಲ್ಲ. ನಾನು ದೆವ್ವ, ಗಾಳಿ ಇವನ್ನೆಲ್ಲ ನಂಬುವುದಿಲ್ಲ. ಕ್ಯಾಂಟೀನಿನಲ್ಲಿ ಈ ಬಗ್ಗೆ ಭಾಷಣವನ್ನೇ ಮಾಡಿದ್ದೇನೆ. ಹುಣಸೆ ಮರದ ಕೆಳಗೆ ಹೋಗುವಾಗ ಮಾತ್ರ ಬೈಕು ತಾನಾಗಿಯೇ ಜೋರಾಗುತ್ತದೆ. ಅದು ಗಾಡಿಯ ದೋಷ.

ದೊಡ್ಡಮ್ಮನ ಊರು ಹುಲ್ಲಹಳ್ಳಿಯಿಂದ ಒಳಕ್ಕೆ, ನಾಲೆ ದಾಟಿದ ಮೇಲೆ ಸಿಗುತ್ತದೆ. ಸುತ್ತ ಗದ್ದೆ, ಕಬ್ಬು. ಅವಳ ಮನೆ ಮುಂದೆ ಒಂದು ಹುಣಸೆ ಮರ. ಇಬ್ಬರು ಕೈ ಹಿಡಿದುಕೊಂಡರೂ ಬುಡ ತಬ್ಬಲಿಕ್ಕಾಗುವುದಿಲ್ಲ. ತೊಗಟೆಯನ್ನು ನೋಡಿದರೆ ಮರ ಅನ್ನಿಸುವುದಿಲ್ಲ, ಆನೆ ನಿಂತು ಮರೆತುಹೋದ ಹಾಗಿದೆ. ಆ ಮರದ್ದೇ ಒಂದು ಕೊಂಬೆಯಿಂದ ದೊಡ್ಡಪ್ಪ ಮಾಡಿಸಿದ್ದ ಕೊಡತಿ ಇನ್ನೂ ಮನೆಯಲ್ಲಿದೆ. ಚೇಗು, ಅಂದರೆ ಮರದ ಒಳತಿರುಳು, ಕಪ್ಪಗೆ, ಕಬ್ಬಿಣದ ಹಾಗೆ. ಕೊಡತಿ ಇವತ್ತಿಗೂ ಗೂಟ ಹೊಡೆಯುತ್ತದೆ, ಅದನ್ನು ಹಿಡಿದ ದೊಡ್ಡಪ್ಪ ಮಾತ್ರ ಗಾನವಿ ಇಸ್ಕೂಲಿನಲ್ಲಿದ್ದಾಗಲೇ ಹೋಗಿಬಿಟ್ಟರು.

ಗಾನವಿ ಅಂದರೆ ದೊಡ್ಡಮ್ಮನ ಒಬ್ಬಳೇ ಮಗಳು, ನನಗೆ ತಂಗಿ. ಅವಳನ್ನು ಓದಿಸಿದ್ದು, ಮದುವೆ ಮಾಡಿದ್ದು ಎಲ್ಲ ಆ ಮರವೇ. ಹಣ್ಣು ಉದುರಿಸಿ, ಓಡು ಒಡೆದು, ಬೀಜ ಬಿಡಿಸಿ, ಉಪ್ಪು ಹಾಕಿ ಕುಟ್ಟಿ, ಉಂಡೆ ಕಟ್ಟಿ ದೊಡ್ಡಮ್ಮ ಹುಲ್ಲಹಳ್ಳಿಗೆ ಒಯ್ಯುತ್ತಿದ್ದಳು. ಅವಳ ಬೆರಳುಗಳು ವರ್ಷದಲ್ಲಿ ಅರ್ಧ ಕಾಲ ಕಂದು ಬಣ್ಣದವು.

ಹೀಗಿರುವಾಗ ಊರಿನ ಹುಡುಗರು ಕಲ್ಲು ಹೊಡೆದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಹಣ್ಣೂ ಹೋಗುತ್ತಿತ್ತು, ಹೆಂಚೂ ಒಡೆಯುತ್ತಿತ್ತು. ಬೈದಳು, ಕೋಲು ಹಿಡಿದು ಓಡಿಸಿದಳು, ಅವರ ತಾಯಂದಿರಿಗೆ ದೂರು ಹೇಳಿದಳು. ಒಂದು ದಿನ ಕೋಲು ಕೆಳಗಿಟ್ಟು ಜಗಲಿಯ ಮೇಲೆ ಕೂತು ತಣ್ಣಗೆ ಹೇಳಿದಳು.

"ಒಡೀರಪ್ಪ, ಒಡೀರಿ. ನಂಗೇನಾಗ್ಬೇಕು. ಮ್ಯಾಲೆ ಕುಂತವ್ನಲ್ಲ, ಅವ್ನು ನೋಡ್ಕತಾನೆ."

"ಯಾರವ್ವ?"

"ಮುನಿ. ಪಾಪ, ದಿನಾ ಎಲೆ ಎಣಿಸ್ತಾನೆ. ನೀವು ಒಂದು ಕಡ್ಡಿ ಮುರುದ್ರೂ ಲೆಕ್ಕ ತಪ್ಪೋಯ್ತದೆ, ತಿರುಗ ಮೊದ್ಲಿಂದ ಎಣಿಸ್ಬೇಕು. ಅದುಕ್ಕೇ ಮುರುದೋರ ಮೂತಿ ನೋಡಿ ಮಡಿಕ್ಕತಾನೆ."

ನಮ್ಮ ಕಡೆ ಮುನಿ ಅಂದರೆ ಜಡೆ ಬಿಟ್ಟುಕೊಂಡು ಜಪ ಮಾಡುವ ಋಷಿಯಲ್ಲ. ಮರ ಹಿಡಿದು ಕೂರುವವನು. ಅರ್ಧ ದೇವರು, ಅರ್ಧ ಗಾಳಿ. ಒಲಿದರೆ ಕಾಯುತ್ತಾನೆ, ಮುನಿದರೆ ಮೆಟ್ಟಿಕೊಳ್ಳುತ್ತಾನೆ. ಹುಣಸೆ ಮರದ ಎಲೆ ಎಷ್ಟು ಸಣ್ಣದು ಎಂದು ನೋಡಿದವರಿಗೆ ಗೊತ್ತು. ಅದನ್ನು ಎಣಿಸುವವನಿಗೆ ಎಂಥ ಸಿಟ್ಟಿರಬೇಕೆಂದು ಹುಡುಗರಿಗೂ ಗೊತ್ತಾಯಿತು. ಕಲ್ಲು ನಿಂತಿತು. ಆಗ ನಾನೂ ಹುಡುಗ. ನನಗೂ ಯಾರೂ ಅದು ಸುಳ್ಳೆಂದು ಹೇಳಲಿಲ್ಲ, ಏಕೆಂದರೆ ಕದಿಯುವವರಲ್ಲಿ ನಾನೂ ಇದ್ದೆ.

ಆಮೇಲೆ ಮುನಿ ದೊಡ್ಡಮ್ಮನ ಕೈ ಮೀರಿ ಬೆಳೆದ. ಯಾರದೋ ಮೊಮ್ಮಗನಿಗೆ ಜ್ವರ ಬಂದಾಗ ಬುಡದಲ್ಲಿ ನಿಂಬೆಹಣ್ಣಿಟ್ಟರು, ಜ್ವರ ಬಿಟ್ಟಿತು. ಜ್ವರ ಹೇಗೂ ಬಿಡುತ್ತದೆ, ಆದರೆ ಹೆಸರು ಮುನಿಗೆ ಬಂತು. ಮುಂದಿನ ವಾರ ಒಬ್ಬಳು ಕೋಳಿ ಹಿಡಿದುಕೊಂಡೇ ಬಂದಳು. ದೊಡ್ಡಮ್ಮ ಕಂಗಾಲಾಗಿ ಅಡ್ಡ ನಿಂತಳು.

"ಕೋಳಿ ಗೀಳಿ ಬ್ಯಾಡ ಕನವ್ವ. ಕೊಳ್ಳಲ್ಲಿ ಲಿಂಗ ಕಟ್ಟಿರೋ ಮನೆ ಮುಂದೆ ಕುಂತವ್ನೆ, ಅವ್ನೂ ಬುಟ್ಬುಟ್ಟವ್ನೆ. ಬಾಳೆಹಣ್ಣು, ಬೆಲ್ಲ ಆದ್ರೆ ಸಾಕು."

ಹೀಗಾಗಿ ನಮ್ಮ ಸೀಮೆಯಲ್ಲಿ ಶುದ್ಧ ಸಸ್ಯಾಹಾರಿ ಮುನಿ ಬಹುಶಃ ಅವನೊಬ್ಬನೇ. ಆ ಬಾಳೆಹಣ್ಣುಗಳನ್ನು ತಿಂದು ಬೆಳೆದ ದೇಹ ಇದು. ವಿಜ್ಞಾನ ಓದುವುದಕ್ಕೆ ಬೇಕಾದ ಶಕ್ತಿಯೆಲ್ಲ ನನಗೆ ಅಲ್ಲಿಂದಲೇ ಬಂತು.

ಒಂದು ಸಲ ನಾನು ಹೋದಾಗ ದೊಡ್ಡಮ್ಮ ನಲ್ಲಿಯಿಂದ ಕೊಡ ಹೊತ್ತು ಬಂದು ಧಡಾರನೆ ಇಳಿಸಿದಳು. ಮುಖ ಊದಿತ್ತು.

"ಏನಾಯ್ತು ದೊಡ್ಡಮ್ಮ?"

"ಮುದ್ದಮ್ಮ ಹೇಳ್ತಾವ್ಳೆ, ನನ್ನ ಮುನಿ ಎಡಗಾಲು ಕುಂಟನಂತೆ. ಮುಡುಕುತೊರೆ ಕಡೆಯೋನಂತೆ. ನನ್ನ ಮುನಿ ವಿಚಾರ ನಂಗೇ ಹೇಳ್ತಾಳೆ ಕಣ್ಲಾ."

"ನೀನು ಏನಂದೆ?"

"ಏನನ್ನನ. ಹೂಂ ಅಂದೆ. ಅವ್ಳು ಅಷ್ಟು ಚಂದಾಗಿ ಹೇಳ್ತಿದ್ಳು."

ಮುದ್ದಮ್ಮ ಪಕ್ಕದ ಬೀದಿಯ ಮುದುಕಿ. ಊರಿನಲ್ಲಿ ಯಾವ ಶಾಸ್ತ್ರಕ್ಕೂ ಅವಳನ್ನೇ ಕೇಳುತ್ತಾರೆ. ಅವಳು ಯಾವತ್ತೂ ಗೊತ್ತಿಲ್ಲ ಎಂದದ್ದಿಲ್ಲ.

ಮುನಿಯ ಸುದ್ದಿ ಹುಲ್ಲಹಳ್ಳಿ ದಾಟಿ ನಂಜನಗೂಡಿಗೆ ಬಂತು, ನಂಜನಗೂಡಿನಿಂದ ಬಸ್ಸು ಹತ್ತಿ ನರಸೀಪುರಕ್ಕೂ ಹೋಯಿತು. ಗಾನವಿಯನ್ನು ಕೊಟ್ಟಿದ್ದು ಅಲ್ಲಿಗೇ. ಗಂಡ ಅಮೃತೇಶ್ ಒಳ್ಳೆಯವನು, ಮಾವ ಬಸವಪ್ರಸಾದ್ ಇನ್ನೂ ಒಳ್ಳೆಯವರು. ಆದರೆ ಮನೆ ನಡೆಸುವುದು ಅತ್ತೆ ವನಜಾಕ್ಷಿ. ಗಾನವಿ ಬಸುರಿಯಾದ ಸುದ್ದಿ ಬಂದ ದಿನದಿಂದ ದೊಡ್ಡಮ್ಮ ಹಿಡಿದ ಕೆಲಸ ಒಂದೇ. ಚೊಚ್ಚಲ ಬಾಣಂತನ ತವರಿನದು. ಹಳೆ ಸೀರೆಗಳನ್ನು ಒಗೆದು ಮೆತ್ತಗೆ ಮಾಡಿ ಮಡಿಸಿಟ್ಟಳು. ನೀರೊಲೆಯ ಹಂಡೆ ಕಲಾಯಿ ಮಾಡಿಸಿದಳು. ಬೆಳ್ಳುಳ್ಳಿ, ಓಮ, ಮೆಣಸು ಡಬ್ಬಿ ಡಬ್ಬಿ ತುಂಬಿದಳು. ಮಂಚಕ್ಕೆ ಹೊಸ ಹಗ್ಗ ಬಿಗಿಸಲು ನನ್ನನ್ನೇ ಕರೆದಳು. ಮುಚ್ಚಳ ಬಿಗಿಸುವವನಿಗೆ ಹಗ್ಗವೂ ಬರುತ್ತದೆಂದು ಅವಳ ಲೆಕ್ಕ. ಬರಲಿಲ್ಲ.

ಆವಾಗ ವನಜಾಕ್ಷಿಯ ಫೋನ್ ಬಂತು. ನಾನು ಪಕ್ಕದಲ್ಲಿ ಹಗ್ಗದೊಳಗೆ ಸಿಕ್ಕಿಕೊಂಡಿದ್ದೆ.

"ಅಕ್ಕ, ತಪ್ಪು ತಿಳ್ಕೊಬೇಡಿ. ಎಳೆ ಕೂಸು ಬರ್ತಾ ಇದೆ. ಮುನಿ ಕೂತಿರೋ ಮರದ ಕೆಳಗೆ ನಾವು ಕಳಿಸಲ್ಲ. ಬಾಣಂತನ ನಾವೇ ಮಾಡ್ಕೋತೀವಿ."

ದೊಡ್ಡಮ್ಮ ಮಂಚದ ಅಂಚಿಗೆ ಕೂತಳು. ಹಗ್ಗ ಸಡಿಲವಿದ್ದದ್ದರಿಂದ ಒಳಕ್ಕೆ ಇಳಿದಳು. ಅಲ್ಲಿಂದಲೇ ಹೇಳಿದಳು, "ವನಜಾಕ್ಷಮ್ಮ, ಮುನೀನೂ ಇಲ್ಲ ಗಿನೀನೂ ಇಲ್ಲ. ಹುಡುಗ್ರು ಕಲ್ಲು ಹೊಡೀತಿದ್ರು ಅಂತ ನಾನೇ ಹೇಳಿದ್ದು."

"ಹಂಗನ್ನಬೇಡಿ ಅಕ್ಕ, ಕೇಳಿಸ್ಕೊಂಡಾನು. ನೀವು ಅವನನ್ನ ಕಳಿಸಿ, ನಾವು ಇವಳನ್ನ ಕಳಿಸ್ತೀವಿ."

ಮರುದಿನ ದೊಡ್ಡಮ್ಮ ನಲ್ಲಿಯ ಹತ್ತಿರ ಎಲ್ಲರೆದುರು ನಿಜ ಹೇಳಿದಳು. ಮಾನ ಬಿಟ್ಟು ಹೇಳಿದಳು. ಒಬ್ಬರಾದರೂ ನಂಬಬೇಕಲ್ಲ.

"ನಮ್ಮ ಮೊಮ್ಮಗನ ಜ್ವರ ಬುಟ್ಟಿದ್ದೂ ಸುಳ್ಳಾ ಸಿದ್ದಲಿಂಗಮ್ಮ?" ಎಂದಳು ಒಬ್ಬಳು.

ಮುದ್ದಮ್ಮ ಮಾತ್ರ ಕರುಣೆಯಿಂದ ನೋಡಿದಳು. "ಅವ್ಳ ಬಾಯಲ್ಲಿ ಅವ್ನೇ ಹೇಳಿಸ್ತಾವ್ನೆ. ಮಗಳು ಬರೋದು ಅವ್ನಿಗೆ ಇಷ್ಟ ಇಲ್ಲ."

ಆ ದಿನ ದೊಡ್ಡಮ್ಮ ಊಟ ಮಾಡಲಿಲ್ಲ. ಸಂಜೆ ನನಗೆ ಫೋನ್ ಮಾಡಿ, "ಮರನೇ ಉರುಳಿಸ್ಬುಡನ ಕಣ್ಲಾ. ಮಗಳಿಗಿಂತ ಮರ ಎಚ್ಚಾ?" ಎಂದಳು. ಆ ಮರ ಹೋದರೆ ಅವಳ ಕೈಗೆ ಕೆಲಸವೇ ಇರುವುದಿಲ್ಲ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು.

ಭಾನುವಾರ ಹುಲ್ಲಹಳ್ಳಿಯಿಂದ ಮರ ಕೊಯ್ಯುವ ಕುಮಾರ ತನ್ನ ಮಿಷಿನ್ ತಂದ. ಬುಡದಲ್ಲಿ ಬಾಡಿದ ನಿಂಬೆಹಣ್ಣು ಕಂಡು ಹಿಂಜರಿದ. ನಾನು ಮುಂದೆ ನಿಂತು ಸಸ್ಯಶಾಸ್ತ್ರ ಬಿಡಿಸಿ ಹೇಳಿದೆ. ಮರ ಅಂದರೆ ಜೀವಕೋಶ, ನಾರು, ನೀರು, ಅಷ್ಟೇ. ಕುಮಾರ ತಲೆಯಾಡಿಸಿ ಮಿಷಿನ್ ಇಟ್ಟ. ಒಂದು ಗೇಣು ಒಳಗೆ ಹೋಗಿರಲಿಲ್ಲ, ಕಿಡಿ ಹಾರಿತು, ಚೈನು ಫಟ್ಟೆಂದು ಕಿತ್ತು ಬಂತು. ಗದ್ದಲ ಅಡಗಿದ ಮೇಲೆ ಎಲ್ಲರೂ ನನ್ನನ್ನು ಹುಡುಕಿದರು. ನಾನು ಕೊಟ್ಟಿಗೆಯ ಹಿಂದೆ ಇದ್ದೆ. ಅಲ್ಲಿಂದ ಮರ ಹೇಗೆ ಕಾಣುತ್ತದೆಂದು ನೋಡುತ್ತಿದ್ದೆ.

ದೊಡ್ಡಮ್ಮ ಗಾಯದೊಳಗೆ ಕೈ ಹಾಕಿ ತಡವಿದಳು. "ಅಯ್ಯೋ, ಇದು ಬಟ್ಟೆ ಒಣಾಕೋ ಅಗ್ಗ ಕಟ್ಟಕ್ಕೆ ನಾನೇ ಹೊಡೆದಿದ್ದ ಮೊಳೆ. ಮರ ನುಂಗ್ಕಂಡದೆ."

"ಬಟ್ಟೆ ಅಗ್ಗದ ಮೊಳೆಗೆಲ್ಲ ನನ್ನ ಮಿಷಿನ್ ಇಂಗೆ ಎಗರಲ್ಲ ಕನಕ್ಕ," ಎಂದು ಕುಮಾರ ಸಾಮಾನು ಕಟ್ಟಿದ. ಹೋಗುವಾಗ ಮರಕ್ಕೊಂದು ಕೈ ಮುಗಿದ. ನನಗೆ ಮುಗಿಯಲಿಲ್ಲ.

ಇನ್ನು ಉಳಿದದ್ದು ಮುದ್ದಮ್ಮ. ಅವಳು ಎಲೆ ಅಡಿಕೆ ಮೆಲ್ಲುತ್ತ ದಾರಿ ಹೇಳಿದಳು. ಮುನಿಯನ್ನು ಕಡಿದು ಓಡಿಸಲಾಗುವುದಿಲ್ಲ, ಮರ್ಯಾದೆಯಿಂದ ಕಳಿಸಿಕೊಡಬೇಕು. ಅವನ ಮರದ್ದೇ ಒಂದು ಕಡ್ಡಿ, ಒಂದು ನಿಂಬೆಹಣ್ಣು ಅರಿಶಿನ ಬಟ್ಟೆಯಲ್ಲಿ ಕಟ್ಟಿ, ಕಾವೇರಿ ಹೊಳೆ ದಾಟಿಸಿ ಇನ್ನೊಂದು ಹುಣಸೆ ಮರದ ಬುಡದಲ್ಲಿಟ್ಟು, ಇಳಿ ಸ್ವಾಮಿ ಎನ್ನಬೇಕು. ಹೊಳೆ ದಾಟಿದವನು ತಾನಾಗಿ ವಾಪಸ್ಸು ಬರುವುದಿಲ್ಲ. ಮುಡುಕುತೊರೆ ಕಡೆಯ ಮರವಾದರೆ ಅವನಿಗೂ ಊರು ಸಿಕ್ಕಿದ ಹಾಗಾಗುತ್ತದೆ.

"ನಡ್ಕಂಡು ಕರ್ಕಂಡೋಗಕ್ಕಾಗಲ್ಲ, ಕುಂಟ," ಎಂದಳು. "ಮೊದ್ಲು ಎತ್ತಿನ ಗಾಡೀಲಿ ಕಳಿಸ್ತಿದ್ರು. ಈಗ ಗಾಡಿ ಎಲ್ಲವೆ? ಬೈಕೇ ಆಯ್ತದೆ. ಕರ್ಕಂಡೋಗೋನು ಮದ್ವೆ ಆಗಿರಬಾರ್ದು. ದಾರೀಲಿ ಇಂದಕ್ಕೆ ತಿರುಗ್ಬಾರ್ದು. ಮಾತಾಡ್ಬಾರ್ದು. ಎಲ್ಲಿ ಬಾಯಿ ಬುಡ್ತೀಯೋ, ಅವ್ನು ಅಲ್ಲೇ ಇಳ್ಕತಾನೆ."

ಮದುವೆಯಾಗದವನು ಯಾರೆಂದು ಊರಿಗೆ ಊರೇ ತಿರುಗಿ ನೋಡಿತು. ನನ್ನ ಯಾವ ಅರ್ಹತೆಗೂ ಅಲ್ಲಿಯವರೆಗೆ ಅಷ್ಟು ಬೇಗ ಒಪ್ಪಿಗೆ ಸಿಕ್ಕಿರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಹೊರಟೆವು. ಹೊರಟೆವು ಎನ್ನುವುದು ಬಾಯಿ ತಪ್ಪಿ ಬಂತು, ಹೊರಟೆ. ಹಳದಿ ಗಂಟು ಹಿಂದಿನ ಸೀಟಿಗೆ ಕಟ್ಟಿತ್ತು. ಹಿಂದಕ್ಕೆ ತಿರುಗಬಾರದು, ಸರಿ, ಕನ್ನಡಿಯಲ್ಲಿ ನೋಡಬಹುದೇ? ಮುದ್ದಮ್ಮನ ಕಾಲದ ಎತ್ತಿನ ಗಾಡಿಗೆ ಕನ್ನಡಿ ಇರಲಿಲ್ಲವಾದ್ದರಿಂದ ಶಾಸ್ತ್ರ ಈ ಬಗ್ಗೆ ಸುಮ್ಮನಿತ್ತು. ನಾನು ಎರಡೂ ಕನ್ನಡಿ ಕೆಳಕ್ಕೆ ತಿರುಗಿಸಿದೆ. ವೈಜ್ಞಾನಿಕ ಮನೋಭಾವದವನು ಎರಡೂ ಕಡೆ ಯೋಚಿಸಬೇಕು.

ಹಿಂದೆ ಗಾಡಿ ಭಾರವೆನ್ನಿಸಿತು. ಹಿಂದಿನ ಚಕ್ರದಲ್ಲಿ ಗಾಳಿ ಕಮ್ಮಿ ಇದ್ದಿರಬೇಕು. ನಂಜನಗೂಡಿನ ಬಂಕಿನಲ್ಲಿ ಎಷ್ಟಕ್ಕೆ ಹಾಕಲಿ ಎಂದ ಹುಡುಗಿಗೆ ಬೆರಳು ತೋರಿಸಿದೆ, ಅವಳು ಪಾಪ ಎನ್ನುವಂತೆ ನೋಡಿ, ನನ್ನ ಟ್ಯಾಂಕಿನ ಮುಚ್ಚಳವನ್ನೂ ತಾನೇ ಹಾಕಿದಳು. ಸರಿಯಾಗಿ ಬಿಗಿದಿರಲಿಲ್ಲ, ಹೇಳುವ ಹಾಗಿಲ್ಲ. ನರಸೀಪುರದ ರಸ್ತೆಯಲ್ಲಿ ಹಂಪು ಬಂದಾಗಲೆಲ್ಲ ನಿಧಾನ ಮಾಡಿದೆ. ಎಡಗಾಲು ಕುಂಟ, ಪಾಪ, ಹಿಡಿದುಕೊಳ್ಳಲಿಕ್ಕೂ ಏನಿಲ್ಲ. ಹಾಗೆ ಯೋಚಿಸುತ್ತಿದ್ದವನು ನಾನೇ ಎಂದು ಗೊತ್ತಾದಾಗ ಹೆಲ್ಮೆಟ್ಟಿನೊಳಗೆ ಒಬ್ಬನೇ ನಾಚಿಕೊಂಡೆ.

ನರಸೀಪುರ ಬಸ್‌ಸ್ಟ್ಯಾಂಡ್ ದಾಟಿದರೆ ಕಾವೇರಿ ಸೇತುವೆ, ಸೇತುವೆ ದಾಟಿದರೆ ಕೆಲಸ ಮುಗಿಯಿತು. ಬಸ್‌ಸ್ಟ್ಯಾಂಡಿನ ಮುಂದೆ ತರಕಾರಿ ಚೀಲ ಹಿಡಿದು ನಿಂತಿದ್ದವರು ಕೈ ಬೀಸಿದರು. ಗಾನವಿಯ ಮಾವ, ಬಸವಪ್ರಸಾದ್.

ಬೀಗರು ಕೈ ಬೀಸಿದ ಮೇಲೆ ನಿಲ್ಲಿಸದೆ ಹೋಗುವ ಹೆಣ್ಣಿನ ಕಡೆಯವನು ಇನ್ನೂ ಹುಟ್ಟಿಲ್ಲ. ನಿಲ್ಲಿಸಿದೆ.

"ಮದನಪ್ಪ, ಒಳ್ಳೆ ಟೈಮಿಗೆ ಬಂದೆ ಕಣಯ್ಯ. ಮನೆಗೆ ತಾನೆ?" ಎಂದು ಸಲೀಸಾಗಿ ಹತ್ತಿ ಕೂತರು. "ಇದೇನು ಗಂಟು, ಒತ್ತುತ್ತೆ," ಎಂದು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡರು.

ಮುನಿಯ ಮಡಿಲಲ್ಲಿ ಮಾವ ಕೂತರೋ, ಮಾವನ ಮಡಿಲಲ್ಲಿ ಮುನಿ ಕೂತನೋ, ತಿರುಗಿ ನೋಡುವ ಹಾಗಿರಲಿಲ್ಲ. ಅವರು ದಾರಿಯುದ್ದಕ್ಕೂ ಮಾತಾಡಿದರು. ಸಂಬಳ ಏರಿತೇ? ಹೆಣ್ಣು ನೋಡಿದರೇ? ನಾನು ತಲೆಯಾಡಿಸುತ್ತಿದ್ದೆ. "ಭಾಳ ಗಂಭೀರ ಆಗ್ಬಿಟ್ಟಿದೀಯ. ಒಳ್ಳೇದು," ಎಂದರು.

ಮನೆ ಮುಂದೆ ವನಜಾಕ್ಷಿ ನುಗ್ಗೆ ಮರದ ಕೆಳಗೆ ನಿಂತು ಕಾಯಿ ಕೀಳುತ್ತಿದ್ದರು. ಬಾಗಿಲಲ್ಲಿ ತುಂಬಿದ ಹೊಟ್ಟೆಯ ಗಾನವಿ. ನನ್ನನ್ನು ಕಂಡು ಅವಳ ಮುಖ ಅರಳಿತು.

"ಬನ್ನಿ ಮದನ್. ದೊಡ್ಡಮ್ಮ ಚೆನ್ನಾಗಿದ್ದಾರಾ?"

ನಾನು ತಲೆಯಾಡಿಸಿದೆ.

"ಯಾಕೆ, ಮಾತಾಡಲ್ವಾ? ತಂಗಿಯನ್ನ ಕಳಿಸಲಿಲ್ಲ ಅಂತ ಕೋಪಾನಾ?"

ಅಲ್ಲ ಎನ್ನುವುದಕ್ಕೆ ಕೈ ಆಡಿಸಿದೆ. ಬಾಯಿ ತೋರಿಸಿದೆ, ಹಿಂದಿನ ಸೀಟು ತೋರಿಸಿದೆ, ಹೊಳೆಯ ದಿಕ್ಕು ತೋರಿಸಿದೆ.

"ಗಂಟಲು ನೋವಂತೆ," ಎಂದರು ಮಾವ.

"ಹಾಗಾದರೆ ಇಳೀರಿ, ಬಿಸಿಬಿಸಿ ಕಾಫಿ ಕುಡ್ಕೊಂಡು ಹೋಗಿ."

ಈಗ ಹೇಳುವುದನ್ನು ನಮ್ಮವರು ಯಾರೇ ಆದರೂ ಅರ್ಥ ಮಾಡಿಕೊಳ್ಳುತ್ತಾರೆ. ಇನ್ನೊಬ್ಬರ ಬಾಗಿಲಲ್ಲಿ ಕಾಫಿ ಎಂಬ ಮಾತು ಕಿವಿಗೆ ಬಿದ್ದರೆ ಬಾಯಿ ನಮ್ಮದಾಗಿರುವುದಿಲ್ಲ. ಹುಟ್ಟಿದಂದಿನಿಂದ ತಿದ್ದಿದ್ದಾರೆ.

"ಬ್ಯಾಡಿ ಅತ್ತೆ, ಈಗ ತಾನೆ ಆಯ್ತು," ಎಂದೆ.

ಕಾಫಿ ಆಗಿರಲೂ ಇಲ್ಲ. ಮುನಿಯನ್ನು ನಾನು ಇಳಿಸಿದ್ದು ಒಂದು ಸುಳ್ಳು ಹೇಳಿ.

ನನ್ನ ಮುಖ ಏನಾಗಿತ್ತೋ, ವನಜಾಕ್ಷಿ ಕಾಯಿ ಕೀಳುವುದನ್ನು ನಿಲ್ಲಿಸಿದರು. ಗಾನವಿ ಮಾವನ ಕೈಯ ಗಂಟಿನಿಂದ ಇಣುಕುತ್ತಿದ್ದ ಕಡ್ಡಿ ನೋಡಿದಳು, ನನ್ನನ್ನು ನೋಡಿದಳು. ಅವಳು ಸಿದ್ದಲಿಂಗಮ್ಮನ ಮಗಳು. ಅವ್ವ ಬರೀ ಮಾತಿನಲ್ಲಿ ಮುನಿಯನ್ನು ಹೇಗೆ ಕಟ್ಟಿದಳೆಂದು ಚಿಕ್ಕಂದಿನಿಂದ ಜಗಲಿಯ ಮೇಲೆ ಕೂತು ಕಂಡವಳು.

"ಅಣ್ಣ," ಎಂದಳು ಮೆಲ್ಲಗೆ, "ಅದು ನಮ್ಮನೆ ಮರದ ಕಡ್ಡಿ ಅಲ್ವಾ? ಹೊಳೆ ದಾಟಿಸೋ ತನಕ ಮಾತಾಡಬಾರದು ಅಂತಾರಲ್ಲ?"

ಅಲ್ಲಿಗೆ ಎಲ್ಲ ಹೇಳಬೇಕಾಯಿತು. ಬಸವಪ್ರಸಾದ್ ಮಾವ ಗಂಟನ್ನು ಬಿಸಿ ಪಾತ್ರೆಯ ಹಾಗೆ ಎರಡು ಬೆರಳಲ್ಲಿ ಹಿಡಿದು ನುಗ್ಗೆ ಮರದ ಬುಡದಲ್ಲಿಟ್ಟರು. ಅದು ಇನ್ನೂ ತಪ್ಪಾಯಿತು.

"ಇಲ್ಲೇ ಇಳಿದನಾ?" ಎಂದರು ವನಜಾಕ್ಷಿ.

"ತಗೊಂಡು ಹೋಗ್ತೀನಿ ಅತ್ತೆ," ಎಂದೆ. ಅವರು ಒಪ್ಪಲಿಲ್ಲ. ಶಾಸ್ತ್ರ ಕೇಳಿ ಎಂದರು. ಊರಿಗೆ ಫೋನ್ ಹೋಯಿತು, ದೊಡ್ಡಮ್ಮ ಓಡಿಹೋಗಿ ಮುದ್ದಮ್ಮನ ಕಿವಿಗೆ ಫೋನ್ ಹಿಡಿದಳು.

"ಇಳಿದೋನು ಅಂಗೆಲ್ಲ ಹತ್ತಲ್ಲ," ಎಂದಳು ಮುದ್ದಮ್ಮ. "ದೀಪಾವಳಿ ಕಳೀಲಿ. ಆಮ್ಯಾಕೆ ನೋಡನ."

ಮರುದಿನ ಬೆಳಿಗ್ಗೆ ಆ ನುಗ್ಗೆ ಮರದ ಒಂದು ಕೊಂಬೆ ಮುರಿದು ಅಂಗಳಕ್ಕೆ ಬಿತ್ತು. ನುಗ್ಗೆ ಕೊಂಬೆ ಕಾಗೆ ಕೂತರೂ ಮುರಿಯುತ್ತದೆ ಎಂದು ಎಲ್ಲರಿಗೂ ಗೊತ್ತು. ಆದರೆ ಹುಣಸೆಯ ಚೇಗಿನ ಮೇಲೆ ಕೂತು ರೂಢಿಯಾದವನು ನುಗ್ಗೆಯ ಮೇಲೆ ಕೂತರೆ ಇನ್ನೇನಾಗುತ್ತದೆ ಎಂದೂ ವನಜಾಕ್ಷಿಗೆ ಗೊತ್ತಾಯಿತು. ಕಾಫಿಗೆ ಮೊದಲೇ ಫೋನ್ ಮಾಡಿದರು.

"ಅಕ್ಕ, ಇವತ್ತೇ ಬಂದು ಗಾನವ್ವನ್ನ ಕರ್ಕೊಂಡು ಹೋಗಿ. ಮುನಿ ಇರೋ ಮನೇಲಿ ಬಸುರಿಯನ್ನ ಇಟ್ಟುಕೊಳ್ಳೋದು ಹೇಗೆ? ನಿಮ್ಮ ಮನೆಯೇ ಈಗ ವಾಸಿ."

ದೊಡ್ಡಮ್ಮ ಕಾರು ಮಾಡಿಕೊಂಡು ಹೋಗಿ ಮಗಳನ್ನು ಕರೆತಂದಳು. ಗಾನವಿ ಇಳಿದವಳೇ ಮರ ನೋಡಿ, ಹುಳಿ ಬೇಕು ಎಂದಳು. ದೊಡ್ಡಮ್ಮ ಗಳ ಹಿಡಿದು ಎರಡು ಹಸಿ ಕಾಯಿ ಉದುರಿಸಿ, ಅತ್ತು, ಸೆರಗಿನಿಂದ ಮೂಗೊರೆಸಿಕೊಂಡು, ಒಂದೇ ತಿನ್ನು ಎಂದು ಬೈದಳು.

ನಂಜನಗೂಡಿನ ಆಸ್ಪತ್ರೆಯಲ್ಲಿ ಹೆಣ್ಣು ಮಗು ಆಯಿತು. ಈಗ ಮನೆಯಲ್ಲಿ ಬೆಳ್ಳುಳ್ಳಿಯ ವಾಸನೆ, ಸಾಂಬ್ರಾಣಿ ಹೊಗೆ, ಹಂಡೆ ತುಂಬ ಬಿಸಿನೀರು. ಮಂಚದ ಹಗ್ಗವನ್ನು ಬೇರೆಯವರ ಕೈಯಲ್ಲಿ ಮತ್ತೆ ಬಿಗಿಸಿದ್ದಾರೆ.

ಮೊನ್ನೆ ಭಾನುವಾರ ಹೋಗಿದ್ದೆ. ದೊಡ್ಡಮ್ಮ ಕಾಲು ನೀಡಿ ಕೂತು ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಆಗ ಹೆಂಚಿನ ಮೇಲೆ ಕಲ್ಲು ಬಿತ್ತು. ಮಗು ಬೆಚ್ಚಿತು. ಮುನಿ ಊರು ಬಿಟ್ಟ ಸುದ್ದಿ ಹುಡುಗರಿಗೆ ತಲುಪಿತ್ತು. ಮೊದಲು ಒಂದು ಕಲ್ಲು ಹೊಡೆದು ಪರೀಕ್ಷೆ ಮಾಡಿದ್ದರಂತೆ, ಏನೂ ಆಗದ್ದಕ್ಕೆ ಈಗ ಮರದ ಮೇಲೆಯೇ ಇದ್ದರು. ಕುಮಾರನ ಮಿಷಿನ್ ಮಾಡಿದ್ದ ಗಾಯದ ಮೇಲೆ ಕಾಲಿಟ್ಟು ಹತ್ತುವುದು ಸಲೀಸಾಗಿತ್ತು.

ದೊಡ್ಡಮ್ಮ ಮಗುವನ್ನು ಗಾನವಿಯ ಕೈಗಿತ್ತು ಜಗಲಿಗೆ ಬಂದಳು. ಬಾಯಿ ತೆರೆದಳು. ನಾಲಿಗೆಯ ತುದಿಗೆ ಅವನು ಬಂದಿದ್ದ, ಮೀಸೆ ಬೀಡಿ ಸಮೇತ. ನನಗೆ ಕಾಣುತ್ತಿತ್ತು. ಆದರೆ ಹೇಳಿದರೆ ಸಂಜೆಯ ಬಸ್ಸಿಗೆ ಸುದ್ದಿ ನರಸೀಪುರಕ್ಕೆ ಹೋಗುತ್ತದೆ, ಬೆಳಿಗ್ಗೆ ಬಾಣಂತಿಯನ್ನು ಕರೆದೊಯ್ಯಲು ಕಾರು ಬರುತ್ತದೆ. ಬಾಯಿ ಮುಚ್ಚಿಕೊಂಡಳು. ಹುಡುಗರು ಕೊಂಬೆಯ ಮೇಲೆ ಕೂತು ಬೀಜ ಉಗಿಯುತ್ತಲೇ ಇದ್ದರು.

ಅವಳು ನನ್ನ ಹತ್ತಿರ ಬಂದು ದನಿ ತಗ್ಗಿಸಿದಳು.

"ಐದು ತಿಂಗಳು ತಡ್ಕತೀನಿ. ಕೂಸಿನ ಕರ್ಕಂಡು ಇವ್ಳು ಗಂಡನ ಮನೆಗೆ ಓಗೋ ದಿನವೇ ನೀನು ಓಗಿ ಅವ್ನ ವಾಪಸ್ಸು ಕರ್ಕಂಬಾ. ವನಜಾಕ್ಷಮ್ಮನೂ ಅದೇ ಕೇಳ್ತಾವ್ರೆ."

"ಇಲ್ಲದೋನನ್ನ ಹೆಂಗೆ ಕರ್ಕೊಂಡು ಬರ್ಲಿ ದೊಡ್ಡಮ್ಮ?"

"ಇಲ್ಲದೋನ್ನ ಕರ್ಕಂಡು ಓಗ್ನಿಲ್ವಾ? ಅಂಗೇ." ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡಳು. "ಯಾರಾದ್ರೂ ಕಾಫಿ ಅಂದ್ರೆ ಬಾಯಿ ಬುಡ್ಬ್ಯಾಡ. ಸುಮ್ಕೆ ಇಸ್ಕಂಡು ಕುಡ್ಕಬಾ."